ದಿವಾನನ ಮಣ್ಣು

ಕೂಡ್ಲಿಗಿಯಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿಗೆ ಓದು ಬರುತ್ತಿರಲಿಲ್ಲ, ಆದರೆ ಕಾದಂಬರಿಗಳ ಬಗ್ಗೆ ಅವಳ ಅಭಿಪ್ರಾಯ ಖಡಾಖಂಡಿತ. ಎಪ್ಪತ್ತರ ದಶಕದ ಬೇಸಿಗೆಗಳಲ್ಲಿ ಓಣಿಯ ಹೆಂಗಸರು ಅವಳ ಪಡಸಾಲೆಯಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುವಾಗ, ಇನ್ನೂ ಮದುವೆಯಾಗದ ನಾನು ಗ್ರಂಥಾಲಯದ ಪುಸ್ತಕ ಗಟ್ಟಿಯಾಗಿ ಓದುತ್ತಿದ್ದೆ. ಯಾವ ಪಾತ್ರ ಬಂದರೂ ಅಜ್ಜಿ ಕುಟ್ಟುವ ಕೊಡತಿಯನ್ನು ಮೇಲೆಯೇ ಹಿಡಿದು, "ಉಂಡಾಳೇನವ್ವ ಆಕಿ?" ಎಂದು ಕೇಳುವಳು.

ಒಮ್ಮೆ ಪಾಳೆಯಗಾರರ ಕಾಲದ ನಗೆಕಾದಂಬರಿಯೊಂದನ್ನು ತಂದೆ. ಕೋಟೆಯೊಳಗೆ ಪ್ರೇಮ, ನಡುವೆ ದಿವಾನನ ಕೊಲೆ. "ಹುಡುಗಿ ಬಾಯಿ ಜೋರೈತಿ, ಚಲೋ ಅದಾಳ" ಎಂದಳು ಒಬ್ಬಳು. "ಕೊಂದಾವ ಅಡಿಗಿಯವನ ಇರಬೇಕು, ನೋಡ್ತಿರ್ರಿ" ಎಂದಳು ಇನ್ನೊಬ್ಬಳು. ಅಜ್ಜಿ ಮಾತ್ರ ನಗಲಿಲ್ಲ.

"ದಿವಾನನ ಮಣ್ಣು ಆತೇನು?"

ಪುಟ ತಿರುವಿ ನೋಡಿದೆ. ಕೊಲೆಗಾರನನ್ನು ಹುಡುಕುವವರಿದ್ದರು, ಚೇಷ್ಟೆ ಮಾಡುವ ಪ್ರೇಮಿಗಳಿದ್ದರು. ಹೆಣವನ್ನು ಯಾರೂ ಎತ್ತಿ ಹೂಳಿರಲಿಲ್ಲ.

"ಆತ ಕೆಟ್ಟವ ಬಿಡಜ್ಜಿ" ಎಂದೆ.

"ಇದ್ದಾನು. ಹೆಣ ಮನ್ಯಾಗ ಇಟ್ಟುಕೊಂಡು ಹೆಂಗ ನಗಬೇಕು?" ಅಜ್ಜಿ ಕೊಡತಿ ಕೆಳಗಿಟ್ಟಳು. ಉಳಿದವರ ಕೈಗಳೂ ನಿಂತವು.

ಪುಸ್ತಕದಿಂದ ಕಣ್ಣೆತ್ತದೆ, ಅದರಲ್ಲಿ ಇಲ್ಲದ್ದನ್ನು ನಾನೇ ಕಟ್ಟಿ ಓದಿದೆ. ಊರವರು ಬಂದರು, ಭಜನೆಯಾಯಿತು, ಹೆಂಡತಿ ಅತ್ತಳು, ಹೆಣವನ್ನು ಕುಣಿಗೆ ಇಳಿಸಿ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಅಜ್ಜಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಒಂದು ಹಿಡಿ ಹುಣಸೆಬೀಜವನ್ನು ಮೆಲ್ಲಗೆ ಮೊರದೊಳಗೆ ಬಿಟ್ಟಳು.

"ಆತನ ಹೆಂಡ್ತಿ ಉಂಡಳೇನವ್ವ?"

"ಉಂಡಳಜ್ಜಿ. ಅಕ್ಕಪಕ್ಕದವರು ಕೂಡಿ ಉಣ್ಣಿಸಿದರು."

ಅಜ್ಜಿ ಕೊಡತಿ ಕೈಗೆತ್ತಿಕೊಂಡಳು.

"ಹಂಗಾದ್ರ ಇನ್ನ ನಗಸು."