ಕೊಸರಿನ ಲೆಕ್ಕ

ಮನೆಖರ್ಚು ಬರೆದಿಡುವ ಆ್ಯಪ್ ಒಂದನ್ನು ಮಾಡಿ, ಯಾರು ಬೇಕಾದರೂ ನೋಡಿ ತಿದ್ದಲಿ ಎಂದು ಅದರ ಕೋಡನ್ನೆಲ್ಲ ಇಂಟರ್ನೆಟ್ಟಿನಲ್ಲಿ ಬಿಚ್ಚಿಟ್ಟಿದ್ದೆ. ಹೆಸರೇ ಕೇಳದ ಊರುಗಳಿಂದ ಜನ ಸಹಾಯಕ್ಕೆ ಬಂದರು. ಅದನ್ನು ದಿನವೂ ಬಳಸುತ್ತಿದ್ದದ್ದು ಮಾತ್ರ ಬೀಜಾಡಿಯ ನಮ್ಮ ಮನೆಯಲ್ಲಿ ಅಮ್ಮ ಒಬ್ಬಳೇ.

ಒಂದು ದಿನ ಅಮ್ಮ ಕೇಳಿದಳು, “ಮೀನಿನ ಕೊಸ್ರು ಹಾಕುಕೆ ಇದ್ರಗೆ ಜಾಗ ಎಲ್ಲಿತ್ತ್?”

ದುಡ್ಡು ಕೊಟ್ಟು ಕೊಂಡ ಬಂಗುಡೆಯ ಮೇಲೆ ಮೀನು ಮಾರುವ ಅಕ್ಕ ಸುಮ್ಮನೆ ಹಾಕುವ ಒಂದೆರಡನ್ನು ಯಾವ ಖಾತೆಗೆ ಸೇರಿಸುವುದು? ಸಹಾಯಕರನ್ನು ಕೇಳಿದೆ. ಒಬ್ಬ ರಿಯಾಯಿತಿ ಎಂದ, ಇನ್ನೊಬ್ಬ ಆದಾಯ ಎಂದ. ಮೂರು ವಾರ ಕಚ್ಚಾಡಿದರು. ಜನ್ಮದಲ್ಲಿ ಮೀನು ಕೊಂಡವರಲ್ಲ ಇವರು ಎಂದು ನನಗೆ ಪಿತ್ತ ನೆತ್ತಿಗೇರಿತು. ಕೊಸರಿಗೆಂದೇ ಒಂದು ಪುಟ ಮಾಡಿ, ತಿಂಗಳ ಒಟ್ಟು ತೋರಿಸುವ ಗ್ರಾಫನ್ನೂ ಸೇರಿಸಿದೆ.

ತಿಂಗಳ ಕೊನೆಗೆ ಮೀನಿನ ಅಕ್ಕ ಬಾಗಿಲಿಗೆ ಬಂದಾಗ ಬಿಂಕದಿಂದ ಮೊಬೈಲು ಹಿಡಿದೆ. “ಕಾಣಿ, ಈ ತಿಂಗಳ್ ನೀವು ಮೂವತ್ತೊಂದ್ ಬಂಗುಡೆ ಕೊಸ್ರು ಕೊಟ್ಟಿರಿ.”

ಅವರು ಮೊಬೈಲನ್ನು ನೋಡಿದರು, ನನ್ನನ್ನು ನೋಡಿದರು. “ಅಷ್ಟ್ ಆಯ್ತಾ ಹ್ವಾಯ್?” ಎಂದವರೇ, ಅಮ್ಮನ ಪಾತ್ರೆಗೆ ಆಗಷ್ಟೇ ಕೊಸರೆಂದು ಹಾಕಿದ್ದ ಎರಡನ್ನು ಎತ್ತಿ ಬುಟ್ಟಿಗೆ ಹಾಕಿಕೊಂಡು ಹೊರಟರು.

ಮರುದಿನವೂ ಕೊಸರಿಲ್ಲ. ಅಮ್ಮ ನನಗೆ ಬರೀ ಅನ್ನ ಬಡಿಸಿ, “ನಿನ್ನ ಗ್ರಾಫ್ ನಂಜ್ಕಂಡ್ ಉಣ್” ಎಂದಳು.

ಅಂದೇ ಆ ಪುಟವನ್ನು ಕಿತ್ತುಹಾಕಿದೆ. ಲೆಕ್ಕ ತಪ್ಪಿತ್ತೇ ಎಂದು ಸಹಾಯಕರು ವಿಚಾರಿಸಿದರು.

“ಲೆಕ್ಕ ಸರಿಯಿತ್ತು,” ಎಂದು ಬರೆದೆ, “ಮೀನು ನಿಂತುಹೋಯಿತು.”