ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿದ ಸಮನ್ಸು

ವಕೀಲರ ಕಚೇರಿಯಲ್ಲಿ ಇಪ್ಪತ್ತು ವರ್ಷ ಗುಮಾಸ್ತೆಯಾಗಿ ದುಡಿದವಳಿಗೆ ಸ್ವಲ್ಪ ಸೊಕ್ಕು ಬರುವುದು ಸಹಜ. ನನಗೆ ಸ್ವಲ್ಪ ಹೆಚ್ಚೇ ಬಂದಿತ್ತು. ದಿನಾ ಹಾನಗಲ್ಲಿನಿಂದ ಬಸ್ಸು ಹಿಡಿದು ಹಿರೇಕೆರೂರಿಗೆ ಬಂದು, ನಮ್ಮ ವಕೀಲ ಸಾಹೇಬರು ಬರುವಷ್ಟರಲ್ಲಿ ಆ ದಿನದ ಕಡತಗಳನ್ನೆಲ್ಲ ಜೋಡಿಸಿಡುತ್ತಿದ್ದೆ. ಯಾವ ಅರ್ಜಿಗೆ ಎಷ್ಟು ಪ್ರತಿ, ಸಮನ್ಸು ಬಂತೆಂದರೆ ಯಾರು ಹಿತ್ತಲ ಬಾಗಿಲಿನಿಂದ ಓಡುತ್ತಾರೆ, ಎಲ್ಲ ನನಗೆ ಬಾಯಿಪಾಠ. ಆ ಸೊಕ್ಕನ್ನು ಇಳಿಸಿದ್ದು ಜರ್ಮನಿ.

ಒಂದು ದಿನ ತಡಸದಿಂದ ಒಬ್ಬ ಹೆಣ್ಣುಮಗಳು ಬಂದಳು. ತವರು ಹಿರೇಕೆರೂರು ತಾಲ್ಲೂಕಿನ ಚಿಕ್ಕೇರೂರು. ಅಪ್ಪ ತೀರಿಕೊಂಡ ಮೇಲೆ ಹೊಲದಲ್ಲಿ ತನ್ನ ಪಾಲು ಕೇಳಿದ್ದಳು. ಅಷ್ಟಕ್ಕೇ ಇದ್ದೊಬ್ಬ ತಮ್ಮ ಮಾತು ಬಿಟ್ಟಿದ್ದ. ಅವನು ಜರ್ಮನಿಯ ಒಂದು ಆಸ್ಪತ್ರೆಯಲ್ಲಿ ನರ್ಸು. ಅಲ್ಲಿಂದಲೇ ಅಕ್ಕನ ಫೋನ್ ನಂಬರನ್ನು ಬ್ಲಾಕ್ ಮಾಡಿ ಕೂತಿದ್ದ. ಎರಡು ವರ್ಷ ಕಾದು ಕಾದು ಆಕೆ ಪಾಲಿನ ದಾವೆ ಹಾಕಲು ಬಂದಿದ್ದಳು.

"ನೆಲಾನೂ ಬೇಕ್ರಿ ನನಗ, ತಮ್ಮನೂ ಬೇಕ್ರಿ," ಎಂದಳು.

ಸಾಹೇಬರು ಸವಣೂರು ಎಲೆಗೆ ಸುಣ್ಣ ಹಚ್ಚುತ್ತ, "ಎರಡನೇದು ಕೋರ್ಟಿನ್ಯಾಗ ಸಿಗಂಗಿಲ್ಲವ್ವ," ಎಂದರು.

ದಾವೆ ದಾಖಲಾಯಿತು. ಇನ್ನು ತಮ್ಮನಿಗೆ ಸಮನ್ಸು ಜಾರಿಯಾಗಬೇಕು, ಅದಾಗದ ಹೊರತು ಕೇಸು ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ. ಚಿಕ್ಕೇರೂರಾಗಿದ್ದರೆ ಬೇಲಿಫ್ ಹೋಗಿ ಕೈಗೆ ಕೊಡುತ್ತಿದ್ದ, ಸಿಗದಿದ್ದರೆ ಬಾಗಿಲಿಗೆ ಅಂಟಿಸಿ ಬರುತ್ತಿದ್ದ. ಜರ್ಮನಿಯ ಬಾಗಿಲಿಗೆ ಯಾರು ಅಂಟಿಸಬೇಕು? ಅಂಚೆಗೆ ಹಾಕೋಣವೆಂದರೆ ಆ ದೇಶದವರು ಅದನ್ನು ಒಪ್ಪುವುದಿಲ್ಲವಂತೆ. ಎಲ್ಲ ಕಾಗದಗಳೂ ಜರ್ಮನ್ ಭಾಷೆಗೆ ಅನುವಾದವಾಗಿ, ಎರಡೆರಡು ಪ್ರತಿಯಾಗಿ, ನಮ್ಮ ಕೋರ್ಟಿನ ಮೊಹರು ಹೊತ್ತು ದೆಹಲಿಗೆ ಹೋಗಬೇಕು. ಅಲ್ಲಿಂದ ಜರ್ಮನಿಯ ಸರ್ಕಾರಕ್ಕೆ, ಅವರಿಂದ ತಮ್ಮನ ಕೈಗೆ. ಇದನ್ನು ನಾನು ಮೊದಲ ಸಲ ಸಾಹೇಬರ ಬಾಯಿಂದ ಕೇಳಿ ಚೀಟಿಯಲ್ಲಿ ಬರೆದುಕೊಂಡೆ.

ಅನುವಾದಕ್ಕೆ ಧಾರವಾಡದಲ್ಲಿ ಒಬ್ಬ ನಿವೃತ್ತ ಜರ್ಮನ್ ಮೇಷ್ಟ್ರು ಸಿಕ್ಕರು. ಹೊಲದ ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ, ಅವರನ್ನು ಹಣ್ಣುಗಾಯಿ ಮಾಡಿತು. ದಿನಕ್ಕೆರಡು ಸಲ ಫೋನು.

"ಪೂರ್ವಕ್ಕ ಹಳ್ಳ ಅಂತ ಬರದೀರಿ. ಅದರಾಗ ನೀರು ಇರ್ತದೋ ಇಲ್ಲೋ? ಅದರ ಮ್ಯಾಲೆ ಶಬ್ದ ಬ್ಯಾರೆ ಆಗ್ತದ."

"ಮಳಿ ಬಂದ್ರ ಇರತೈತ್ರಿ, ಇಲ್ಲಂದ್ರ ಇಲ್ಲ."

ಅತ್ತ ಕಡೆ ನಿಟ್ಟುಸಿರು ಕೇಳಿಸುತ್ತಿತ್ತು.

ಅನುವಾದ ಬಂದ ಶುಕ್ರವಾರ ತಡಸದಾಕೆಯನ್ನು ಸಹಿಗೆ ಕರೆಸಿದೆ. ಸಹಿ ಹಾಕಲು ಕೂರಿಸಿ, ಬೇರೆ ಕೇಸಿನ ಝೆರಾಕ್ಸ್ ತರಲು ಕೆಳಗಿಳಿದೆ. ತಿರುಗಿ ಬರುವಷ್ಟರಲ್ಲಿ ಆಕೆ ಎಲ್ಲವನ್ನೂ ಲಕೋಟೆಗೆ ತುಂಬಿ ಕೂತಿದ್ದಳು. "ಜೋಡಿಸಿಟ್ಟೇನ್ರಿ ಅಕ್ಕಾರ," ಎಂದಳು. ಬಿಚ್ಚಿ ನೋಡಬೇಕಿತ್ತು, ನೋಡಲಿಲ್ಲ. ಆ ತಪ್ಪು ನನ್ನದೇ.

ಆಕೆ ನಮ್ಮ ಕಚೇರಿಯ ಪೂಜೆಯ ಗೂಡಿನಿಂದ ಅರಿಶಿನದ ಬಟ್ಟಲು ಇಳಿಸಿ, ಪ್ರತಿ ಹಾಳೆಯ ನಾಲ್ಕೂ ಮೂಲೆಗೆ, ಮದುವೆಯ ಕರೆಯೋಲೆಗೆ ಹಚ್ಚುವ ಹಾಗೆ, ಹಚ್ಚಿದ್ದಳು. ಕೋರ್ಟಿನವರೂ ಏನನ್ನಲಿಲ್ಲ. ನಮ್ಮ ಕಡೆ ಶುಕ್ರವಾರದ ಕಾಗದಕ್ಕೆ ಅರಿಶಿನ ಮೆತ್ತಿದ್ದರೆ ಯಾರು ಕೇಳುತ್ತಾರೆ? ಮೊಹರು ಹೊಡೆದು ದೆಹಲಿಗೆ ಕಳಿಸಿದರು.

ಕೆಲವು ತಿಂಗಳಿಗೆ ಇಡೀ ಕಟ್ಟು ಜರ್ಮನಿಯಿಂದ ವಾಪಸು ಬಂತು. ಮೇಲೊಂದು ಆಕ್ಷೇಪಣೆ: ಎಲ್ಲ ಹಾಳೆಗಳ ಮೇಲೂ ಹಳದಿ ಬಣ್ಣದ ಪುಡಿಯಂಥ ಕಲೆಗಳಿವೆ. ಅವು ಏನೆಂದು ವಿವರಿಸಬೇಕು, ಇಲ್ಲವೇ ಶುಚಿಯಾದ ಪ್ರತಿ ಕಳಿಸಬೇಕು.

ನನ್ನ ತಲೆ ಕಾದ ಹಂಚಾಯಿತು. ತಡಸಕ್ಕೆ ಫೋನು ಮಾಡಿ ಆಕೆಯನ್ನು ಕರೆಸಿ, ಬಾಗಿಲಲ್ಲೇ ಜಾಡಿಸಿದೆ. "ಕೋರ್ಟಿನ ಕಾಗದಾನ ಲಗ್ನಪತ್ರಿಕಿ ಮಾಡೀಯಲ್ಲವ್ವ! ಇನ್ನೊಂದು ವರ್ಷ ಹೋತು ನೋಡು."

ಆಕೆ ಆ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ಮೆಲ್ಲಗೆ ಕೇಳಿದಳು. "ಈ ಕಾಗದದಾಗ ಏನು ಬರದೈತ್ರಿ ಅಕ್ಕಾರ? ಇಂಥಾ ತಾರೀಖಿಗೆ ಬಾ ಅಂತ ಬರದಿಲ್ಲೇನ್ರಿ?"

"ಬರದೈತಿ."

"ಮತ್ತ ಅದು ಕರಿಯೂ ಕಾಗದ ಹೌದಲ್ರಿ. ತಮ್ಮನ ಮನಿಗೆ ಹೋಗೂ ಕಾಗದ ಬರೇ ಮೂಲಿ ಇಟ್ಟು ಹ್ಯಾಂಗ ಕಳಿಸ್ಲಿ? ಬರೇ ಮೂಲಿ ಕಾಗದ ಸತ್ತ ಸುದ್ದಿಗಷ್ಟ ಕಳಸೂದು."

ಇಪ್ಪತ್ತು ವರ್ಷದಲ್ಲಿ ಎಷ್ಟು ಸಮನ್ಸು ಟೈಪು ಮಾಡಿದ್ದೇನೋ ಲೆಕ್ಕವಿಲ್ಲ. ಅದು ಒಬ್ಬರನ್ನು ಬಾ ಎಂದು ಕರೆಯುವ ಕಾಗದ ಎಂದು ಒಮ್ಮೆಯೂ ಹೊಳೆದಿರಲಿಲ್ಲ. ನನಗೆ ನಾಚಿಕೆಯಾಯಿತು. ಬೈದದ್ದಕ್ಕೂ ಸಂಕಟವಾಯಿತು.

ಹೊಸ ಪ್ರತಿ ತೆಗೆಯುವುದು ಒಂದು ಗಂಟೆಯ ಕೆಲಸ. ವಿವರಣೆ ಬರೆದು, ಪ್ರಮಾಣಪತ್ರ ಮಾಡಿಸಿ, ಅದನ್ನೂ ಅನುವಾದ ಮಾಡಿಸುವುದೆಂದರೆ ಹದಿನೈದು ದಿನ. ನಾನು ಸಾಹೇಬರಿಗೆ ವಿವರಣೆಯನ್ನೇ ಕೊಡೋಣ ಎಂದೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ನೀವ ಬರೀರಿ ಹಂಗಾರ," ಎಂದರು.

ಬರೆದೆ. ಸದರಿ ಹಳದಿ ಪದಾರ್ಥವು ಅರಿಶಿನವಾಗಿದ್ದು, ಅಡುಗೆಗೆ ಬಳಸುವಂಥದ್ದು, ಯಾವ ಅಪಾಯವೂ ಇರುವುದಿಲ್ಲ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲು ಮನಸ್ಸಾಗಲಿಲ್ಲ. ಆಕೆ ಹೇಳಿದ್ದನ್ನೂ ಸೇರಿಸಿದೆ: ವಾದಿಯು ತನ್ನ ತಮ್ಮನ ಮನೆಗೆ ಹೋಗುವ ಕಾಗದವನ್ನು ಬರಿದಾದ ಮೂಲೆಗಳೊಂದಿಗೆ ಕಳಿಸಲು ಒಪ್ಪಿರುವುದಿಲ್ಲ. ಧಾರವಾಡದ ಮೇಷ್ಟ್ರು ಈ ಸಲ ಒಂದೇ ಸಲ ಫೋನು ಮಾಡಿದರು. "ಈ ಸಾಲು ಭಾಳ ಚಲೋ ಬಂತು ಜರ್ಮನ್‌ದಾಗ," ಎಂದರು.

ಹೊಸ ತಾರೀಖು ಹಾಕಿಸಿಕೊಂಡು ಕಟ್ಟು ಮತ್ತೆ ಹೋಯಿತು. ಅರಿಶಿನದೊಂದಿಗೇ ಹೋಯಿತು.

ತಾರೀಖಿನ ದಿನ ನಮ್ಮ ಕೈಯಲ್ಲಿ ಜರ್ಮನಿಯ ವರದಿ ಇರಲಿಲ್ಲ. ಇನ್ನಾರು ತಿಂಗಳು ಮುಂದಕ್ಕೆ ಕೇಳುವುದೆಂದು ಸಾಹೇಬರು ಸಿದ್ಧರಾಗಿದ್ದರು. ನಾನು ಮತ್ತು ತಡಸದಾಕೆ ಕೋರ್ಟಿನ ಪಡಸಾಲೆಯಲ್ಲಿ ಕೂತಿದ್ದೆವು. ಮೆಟ್ಟಿಲು ಹತ್ತಿ ಒಬ್ಬ ಬಂದ, ದಪ್ಪ ಜಾಕೆಟ್ಟು ಕೈಯಲ್ಲಿ, ಮೈಯೆಲ್ಲ ಬೆವರು. ಬಗಲಲ್ಲಿ ಪ್ಲಾಸ್ಟಿಕ್ ಚೀಲ. ಅದರೊಳಗಿನ ಕಾಗದಗಳ ಹಳದಿ ಮೂಲೆಯನ್ನು ನಾನು ದೂರದಿಂದಲೇ ಗುರುತು ಹಿಡಿದೆ.

ಆಕೆ ಎದ್ದು ನಿಂತಳು.

"ಕರದೀಯಲ್ಲಕ್ಕಾ," ಎಂದ ಅವನು, "ಬಂದೇನಿ."

ಆಕೆ ಸೆರಗಿನಿಂದ ಮೂಗು ಒರೆಸಿಕೊಂಡು, ಅವನ ಭುಜಕ್ಕೆ ಒಂದೇಟು ಹಾಕಿದಳು. ಆಮೇಲೆ ನನ್ನ ಕಡೆಯೊಮ್ಮೆ ನೋಡಿ, ಧ್ವನಿ ಗಟ್ಟಿ ಮಾಡಿಕೊಂಡು ಹೇಳಿದಳು.

"ನನ್ನ ಪಾಲು ಬಿಡಂಗಿಲ್ಲ ಮತ್ತ."

"ಬಿಡಬ್ಯಾಡ. ಮದ್ಲ ಚಾ ಕುಡಿಯೂಣು ಬಾ."

ಒಳಗೆ ಅವರ ಕೇಸಿನ ನಂಬರು ಕೂಗಿದರು. ಸಾಹೇಬರು ಎದ್ದು ನಿಂತು, ಸಮನ್ಸು ಜಾರಿಯಾದ ವರದಿ ಇನ್ನೂ ಬಂದಿಲ್ಲ, ಆದರೆ ಪ್ರತಿವಾದಿ ಎದುರಿನ ಅಂಗಡಿಯಲ್ಲಿ ಅಕ್ಕನ ಜೊತೆ ಚಹಾ ಕುಡಿಯುತ್ತಿದ್ದಾನೆ ಎಂದು ಅರಿಕೆ ಮಾಡಿಕೊಂಡರು.