ಒರಳಿನ ಕೆಳಗಿನ ಕೂಸು

ಐವತ್ತರ ದಶಕದಲ್ಲಿ ನಾನು ಮದುವೆಯಾಗಿ ಬೇಗೂರಿಗೆ ಬಂದಾಗ ಮೊದಲು ಗಮನಿಸಿದ್ದು ಪಕ್ಕದ ಮನೆಯಾಕೆಯ ಎಡಗೈಯನ್ನು. ಹಿತ್ತಲಿನಲ್ಲಿ ಕೂತು ಬಲಗೈಯಲ್ಲಿ ರುಬ್ಬುತ್ತ, ಎಡಗೈಯಲ್ಲಿ ಒರಳಿನ ಬುಡದ ನೆಲವನ್ನು ಮೆಲ್ಲಗೆ ತಟ್ಟುತ್ತಿದ್ದಳು. ಹುಟ್ಟಿದ ವಾರದಲ್ಲೇ ತೀರಿಕೊಂಡ ಅವಳ ಚೊಚ್ಚಲ ಮಗು ಅಲ್ಲಿತ್ತು.

ಚೊಚ್ಚಲ ಕೂಸಿನ ಎಲುಬನ್ನು ತಾಯತದಲ್ಲಿ ಕಟ್ಟಿಕೊಂಡವರಿಗೆ ನಿಧಿ ಕಾಣಿಸುತ್ತದೆಂದು ಜನ ನಂಬಿದ್ದರು. ಸ್ಮಶಾನದಲ್ಲಿ ಹೂತರೆ ಮಾಟದವರು ಅಗೆದೊಯ್ಯುತ್ತಾರೆಂಬ ಭಯ. ಅದಕ್ಕೇ ಮನೆಯ ಹಿತ್ತಲಲ್ಲೇ ಹೂತು, ಮೇಲೆ ಒರಳುಕಲ್ಲು ಇಡುತ್ತಿದ್ದರು.

"ಮನೇಲೇ ಮಡಿಕಂಡಿವ್ನಿ ಕಣಮ್ಮಿ. ಇಲ್ಲಿಗ್ಯಾವ ಕಳ್ಳ ಬಂದಾನು?" ಎನ್ನುವುದು ಅವಳ ನಿತ್ಯದ ಮಾತು.

ಒಂದು ಬೆಳಿಗ್ಗೆ ರುಬ್ಬಲು ಕೂತಾಗ ಒರಳು ಅಲುಗಾಡಿತು. ಬುಡದ ಮಣ್ಣು ಸಡಿಲವಾಗಿತ್ತು. ಆಕೆ ಅಳಲಿಲ್ಲ. ನೆಲ ತಟ್ಟುತ್ತಿದ್ದ ಕೈ ಮಾತ್ರ ನಿಂತುಹೋಯಿತು.

ಗುಂಡ್ಲುಪೇಟೆಯಲ್ಲಿ ಲಾರಿಗಳಿಗೆ ಈರುಳ್ಳಿ ತುಂಬುತ್ತಿದ್ದ ಅವಳ ಗಂಡ ಆ ವಾರವೇ ಪುಣಜನೂರಿನ ಮಂತ್ರವಾದಿಯ ಹತ್ತಿರ ಹೋಗಿಬಂದ. ಅವನ ತೋಳಿನಲ್ಲಿ ಹೊಸ ತಾಮ್ರದ ತಾಯತವಿತ್ತು.

ಅವನು ಮರಳಿದ ದಿನ ಮಧ್ಯಾಹ್ನ ಮಜ್ಜಿಗೆ ಕೊಡಲು ಅವರ ಮನೆಗೆ ಹೋಗಿದ್ದೆ. ಆಕೆ ಗಂಡನಿಗೆ ಮುದ್ದೆ ಬಡಿಸಿದಳು. ಆಮೇಲೆ ಬಾಗಿ, ಅವನ ತೋಳಿನ ತಾಯತವನ್ನು ಅದೇ ಎಡಗೈಯಿಂದ ಮೆಲ್ಲಗೆ ತಟ್ಟುತ್ತ, "ಅಸಿವಾಯ್ತಾ ಕಂದ? ತಡಿ, ನಿಮ್ಮಪ್ಪ ಉಣ್ಲಿ" ಎಂದಳು.

ಅವನ ತುತ್ತು ತಟ್ಟೆಯಲ್ಲೇ ಉಳಿಯಿತು. ಎದ್ದು ಹೊರಟ.

ಅಂದಿನಿಂದ ಅವನು ಹೊಸಿಲು ದಾಟಿದಾಗಲೆಲ್ಲ ಆಕೆ ಬಾಗಿಲಿಗೆ ಬಂದು, ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು:

"ಬಿಸ್ಲಲ್ಲಿ ಕೂಸ ಎತ್ಕಂಡು ಎಲ್ಗೋಯ್ತೀಯೆ? ಮನೇಲಿ ಬುಟ್ಟೋಗು."